ಆರಂಭಶೂರರಿಗೆ 25 ಕಿಲೋಮೀಟರ್: ಎಡಿಎಚ್‌ಡಿ ಜೊತೆ ಊರು ಸುತ್ತುವ ತಯಾರಿ

ನಮ್ಮ ಮನೆಯಲ್ಲಿ ನನಗೊಂದು ಬಿರುದಿತ್ತು: ಆರಂಭಶೂರ. ಕೊಳಲು ಎರಡು ತಿಂಗಳು, ಈಜು ಹನ್ನೊಂದು ದಿನ, ಟೆರೇಸ್ ಮೇಲೆ ತರಕಾರಿ ಒಂದು ಮಳೆಗಾಲ. ಪ್ರತಿಯೊಂದಕ್ಕೂ ಮೊದಲ ದಿನವೇ ಬೇಕಾದ್ದಕ್ಕಿಂತ ಜಾಸ್ತಿ ಸಾಮಾನು ತಂದಿರುತ್ತಿದ್ದೆ. ಮೂವತ್ತಾರನೇ ವಯಸ್ಸಿಗೆ ಡಾಕ್ಟರು ಇದು ಎಡಿಎಚ್‌ಡಿ, ಅಂದರೆ ಗಮನ ಹಿಡಿತಕ್ಕೆ ಸಿಗದ ಸ್ಥಿತಿ, ಎಂದಾಗ ಅಮ್ಮ ಕೇಳಿದ್ದು ಒಂದೇ ಮಾತು: "ಹಂಗಾದ್ರೆ ಆ ಕೊಳಲು ಯಾರಿಗಾದ್ರೂ ಕೊಟ್ಟುಬಿಡ್ಲಾ?"

ಇಂಥವನು ಬೆಂಗಳೂರಿನ ನಾಲ್ಕೂ ಕೆಂಪೇಗೌಡ ಗೋಪುರಗಳನ್ನು ಒಂದೇ ದಿನ ನಡೆದುಕೊಂಡು ಸುತ್ತಿ ಬರುತ್ತೇನೆ ಎಂದರೆ ಮನೆಯವರು ನಗದೆ ಇನ್ನೇನು ಮಾಡಿಯಾರು? ಅವರ ನಗು ತಪ್ಪೂ ಅಲ್ಲ. ದೂರ ನಡೆಯುವುದಕ್ಕೆ ಬೇಕಾದ ಗುಣಗಳನ್ನು ಪಟ್ಟಿ ಮಾಡಿ: ತಿಂಗಳುಗಟ್ಟಲೆ ಒಂದೇ ಕೆಲಸ, ನಿಧಾನವಾಗಿ ಹೆಚ್ಚಿಸುವುದು, ಹೊತ್ತಿಗೆ ಸರಿಯಾಗಿ ಹೊರಡುವುದು, ಬಾಯಾರಿಕೆ ಆಗುವ ಮೊದಲೇ ನೀರು ಕುಡಿಯುವುದು. ಎಡಿಎಚ್‌ಡಿ ಇರುವವರು ಎಡವುವುದು ಸರಿಯಾಗಿ ಈ ಜಾಗಗಳಲ್ಲೇ. ಹಾಗಾದರೆ ತಯಾರಿ ಮಾಡುವುದು ಹೇಗೆ? ನಮಗೆ ಶುರು ಮಾಡುವುದೊಂದು ಚೆನ್ನಾಗಿ ಬರುತ್ತದೆ, ಅಲ್ವಾ? ಇಡೀ ತಯಾರಿಯನ್ನು ಆರಂಭಗಳಿಂದಲೇ ಕಟ್ಟಿದರೆ ಹೇಗೆ ಎಂಬುದೇ ಈ ಲೇಖನ.

ಮೊದಲು ದಾರಿ. ನಾಲ್ಕು ಗೋಪುರ ಅಂದರೆ ಲಾಲ್‌ಬಾಗ್ ಬಂಡೆಯ ಮೇಲಿನದು, ಗವಿಪುರದ ಹತ್ತಿರ ಕೆಂಪಾಂಬುಧಿ ಕೆರೆಯದು, ಮೇಖ್ರಿ ಸರ್ಕಲ್ ಬಳಿಯದು, ಹಲಸೂರು ಕೆರೆಯದು. 1537ರಲ್ಲಿ ಹುಟ್ಟಿದ ಊರು ಇಲ್ಲಿಯವರೆಗೆ ಬೆಳೆದೀತು ಎಂದು ಹಾಕಿದ ಗಡಿಗುರುತು ಇವು ಎಂಬ ಮಾತಿದೆ. ಕಟ್ಟಿಸಿದ್ದು ಇಮ್ಮಡಿ ಕೆಂಪೇಗೌಡರು ಎನ್ನುವವರೂ ಇದ್ದಾರೆ. ಲಾಲ್‌ಬಾಗ್‌ನಲ್ಲಿ ಹೊರಟು ಗಾಂಧಿ ಬಜಾರ್ ಹಾದು ಕೆಂಪಾಂಬುಧಿ. ಅಲ್ಲಿಂದ ಚಾಮರಾಜಪೇಟೆ, ಮೆಜೆಸ್ಟಿಕ್, ಮಲ್ಲೇಶ್ವರ, ಸ್ಯಾಂಕಿ ಕೆರೆ, ಮೇಖ್ರಿ ಸರ್ಕಲ್. ಆಮೇಲೆ ಜಯಮಹಲ್ ರಸ್ತೆ ಹಿಡಿದು ಕಂಟೋನ್ಮೆಂಟ್ ಮೂಲಕ ಹಲಸೂರು. ಕೊನೆಗೆ ಎಂ.ಜಿ. ರಸ್ತೆ, ಡಬಲ್ ರೋಡ್ ಆಗಿ ಮತ್ತೆ ಲಾಲ್‌ಬಾಗ್. ಒಟ್ಟು 25 ಕಿ.ಮೀ. ಆಸುಪಾಸು. ಗಂಟೆಗೆ ಐದು ಕಿ.ಮೀ. ಲೆಕ್ಕದಲ್ಲಿ ಐದು ಗಂಟೆ. ಸಿಗ್ನಲ್, ದೋಸೆ, ನೀರು, ಕಾಲು ಚಾಚಿ ಕೂರುವುದು ಎಲ್ಲ ಸೇರಿದರೆ ಏಳು ಗಂಟೆ ಇಟ್ಟುಕೊಳ್ಳಿ.

ತಲೆಯೊಳಗೆ ಏನಾಗುತ್ತಿದೆ?

ಎಡಿಎಚ್‌ಡಿಯನ್ನು ಕನ್ನಡದಲ್ಲಿ 'ಗಮನ ಕೊರತೆ' ಎಂದು ಬರೆಯುತ್ತಾರೆ. ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ಗಮನ ಬೇಕಾದಷ್ಟಿದೆ, ಅದರ ಲಗಾಮು ಮಾತ್ರ ನಮ್ಮ ಕೈಯಲ್ಲಿಲ್ಲ. ಹಳೆ ಬೆಂಗಳೂರಿನ ನಕ್ಷೆ ಸಿಕ್ಕರೆ ರಾತ್ರಿ ಎರಡು ಗಂಟೆಯವರೆಗೆ ಊಟ ಮರೆತು ಕೂರುವ ಮನುಷ್ಯನಿಗೆ ಕರೆಂಟ್ ಬಿಲ್ ಕಟ್ಟಲು ಐದು ನಿಮಿಷ ಕೂರಲಾಗುವುದಿಲ್ಲ.

ಹಣೆಯ ಹಿಂದಿರುವ ಮಿದುಳಿನ ಭಾಗ ಒಂಥರಾ ಮೇಸ್ತ್ರಿ ಇದ್ದ ಹಾಗೆ. ಯಾವುದು ಮೊದಲು, ಯಾವುದು ಆಮೇಲೆ, ಈಗ ಯಾವುದನ್ನು ಬಿಡಬೇಕು ಎಂದು ಹೇಳುವುದು ಅದರ ಕೆಲಸ. ಈ ಮೇಸ್ತ್ರಿಗೆ ಸುದ್ದಿ ಮುಟ್ಟಿಸುವ ರಾಸಾಯನಿಕಗಳಲ್ಲಿ ಮುಖ್ಯವಾದವು ಡೋಪಮೈನ್ ಮತ್ತು ನಾರ್‌ಅಡ್ರಿನಲಿನ್. ಎಡಿಎಚ್‌ಡಿ ಇರುವವರಲ್ಲಿ ಈ ಸುದ್ದಿ ಸಾಗಾಟದಲ್ಲಿ ವ್ಯತ್ಯಾಸವಿರುತ್ತದೆ. ಅದರಿಂದ ದೂರದ ಬಹುಮಾನಕ್ಕೆ ಬೆಲೆ ಕಡಿಮೆ, ಎದುರಿಗಿರುವ ಹೊಸದಕ್ಕೆ ಬೆಲೆ ಜಾಸ್ತಿ. ಮೂರು ತಿಂಗಳ ನಂತರದ ಗೋಪುರಗಳಿಗಿಂತ ಈಗ ಕಣ್ಣಿಗೆ ಬಿದ್ದ ಹಳೇ ಪುಸ್ತಕದ ಅಂಗಡಿ ದೊಡ್ಡದಾಗಿ ಕಾಣುತ್ತದೆ. ಇದು ಸೋಮಾರಿತನ ಅಲ್ಲ. ದೊಡ್ಡವರಾದ ಮೇಲೆ ಅಂಟಿಕೊಳ್ಳುವ ಕಾಯಿಲೆಯೂ ಅಲ್ಲ. 2013ರಲ್ಲಿ ಬಂದ ಅಮೆರಿಕದ ಮನೋವೈದ್ಯರ ಕೈಪಿಡಿಯ ಐದನೇ ಆವೃತ್ತಿಯ ಪ್ರಕಾರ ಹಲವು ಲಕ್ಷಣಗಳು ಹನ್ನೆರಡು ವರ್ಷದೊಳಗೇ ಕಾಣಿಸಿರಬೇಕು. ನನ್ನಂಥವರಿಗೆ ಗೊತ್ತಾಗುವುದು ಮಾತ್ರ ತಡ.

ಸಮಯದ ಕಥೆ ಇನ್ನೂ ವಿಚಿತ್ರ. ನಮ್ಮ ಗಡಿಯಾರದಲ್ಲಿ ಇರುವುದು ಎರಡೇ ಮುಳ್ಳು: 'ಈಗ' ಮತ್ತು 'ಈಗಲ್ಲ'. ಆರು ಗಂಟೆಗೆ ಹೊರಡಬೇಕು ಅಂದರೆ ಐದೂ ಐವತ್ತೆಂಟರವರೆಗೂ ಅದು 'ಈಗಲ್ಲ'. ಆಮೇಲೆ ಸಾಕ್ಸ್ ಹುಡುಕುವ ಕೆಲಸ ಶುರು.

ಕ್ಯಾಲೆಂಡರ್ ಬೇಡ, ಏಣಿ ಇರಲಿ

ದೂರದ ನಡಿಗೆಗೆ ಸಿಗುವ ತರಬೇತಿ ಪಟ್ಟಿಗಳೆಲ್ಲ ಕ್ಯಾಲೆಂಡರ್ ರೂಪದಲ್ಲಿರುತ್ತವೆ. ಮೊದಲ ವಾರ ಸೋಮವಾರ ಇಷ್ಟು, ಬುಧವಾರ ಇಷ್ಟು. ನಮ್ಮಂಥವರ ಕೈಯಲ್ಲಿ ಅದರ ಗತಿ ಏನಾಗುತ್ತದೆ ಹೇಳುತ್ತೇನೆ. ಮೂರನೇ ವಾರ ಒಂದು ದಿನ ತಪ್ಪುತ್ತದೆ. ನಾಲ್ಕನೇ ವಾರ 'ಹಿಂದಿನದನ್ನೂ ಸೇರಿಸಿ ನಡೆದುಬಿಡೋಣ' ಅನ್ನಿಸುತ್ತದೆ. ಐದನೇ ವಾರ ಆ ಪಟ್ಟಿ ಕಂಡರೇ ನಾಚಿಕೆ. ಆರನೇ ವಾರ ಅದು ಫ್ರಿಜ್ ಮೇಲಿಂದ ಕೆಳಗೆ ಬಿದ್ದಿರುತ್ತದೆ, ಯಾರೂ ಎತ್ತುವುದಿಲ್ಲ.

ನನಗೆ ಆಗಿಬಂದದ್ದು ಏಣಿ. ವಾರಕ್ಕೊಂದು ಉದ್ದ ನಡಿಗೆ, ಹನ್ನೆರಡು ಮೆಟ್ಟಿಲು: 6, 8, 10, 7, 11, 13, 15, 10, 17, 20, 12, ಕೊನೆಗೆ 25 ಕಿ.ಮೀ. ನಡುವೆ ಇಳಿದಿರುವುದು ಅಚ್ಚುತಪ್ಪಲ್ಲ. ಆ ವಾರಗಳಲ್ಲಿ ಕಾಲು ಸುಧಾರಿಸಿಕೊಳ್ಳುತ್ತದೆ. ಇದರ ಜೊತೆಗೆ ವಾರದಲ್ಲಿ ಎರಡು ಸಲ ಅರ್ಧ ಗಂಟೆಯ ನಡಿಗೆ, ಅದಕ್ಕೆ ಲೆಕ್ಕ ಬೇಡ. ಮೆಟ್ಟಿಲಿಗೆ ತಾರೀಖು ಇಲ್ಲ. ಒಂದು ವಾರ ತಪ್ಪಿತೇ? ಏಣಿಯ ಮೇಲೆ ನಿಂತಲ್ಲೇ ನಿಂತಿದ್ದೀರಿ, ಮುಂದಿನ ವಾರ ಅಲ್ಲಿಂದಲೇ. ಮೂರು ವಾರ ತಪ್ಪಿತೇ? ಎರಡು ಮೆಟ್ಟಿಲು ಇಳಿದು ಮತ್ತೆ ಹತ್ತಿ. ಬಾಕಿ ಅನ್ನುವುದೇ ಇಲ್ಲ. ಹನ್ನೆರಡು ವಾರದಲ್ಲಿ ಮುಗಿಯುವ ಏಣಿ ನನಗೆ ಹತ್ತೊಂಬತ್ತು ವಾರ ಹಿಡಿಯಿತು. ಮುಗಿಯಿತಲ್ಲ, ಸಾಕು.

ಒಂದೇ ಒಂದು ಕಟ್ಟುನಿಟ್ಟು ಇದೆ, ಅದು ತಪ್ಪುವುದರ ಬಗ್ಗೆ ಅಲ್ಲ, ಉತ್ಸಾಹದ ಬಗ್ಗೆ. ಮೆಟ್ಟಿಲು ಹಾರುವಂತಿಲ್ಲ. ಇದನ್ನು ಜಾಸ್ತಿ ಒತ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಾಲು ಕೆಡುವುದು ಆಲಸ್ಯದಿಂದಲ್ಲ, ಮೊದಲ ಭಾನುವಾರದಿಂದ. ಹೊಸ ಶೂ, ಹೊಸ ಹುರುಪು, ಎಂಟು ಕಿ.ಮೀ. ಅಂದುಕೊಂಡದ್ದು ಹದಿನೆಂಟಾಗುತ್ತದೆ. ಆ ದಿನ ಏನೂ ಆಗುವುದಿಲ್ಲ. ಉಸಿರು ಮತ್ತು ಹೃದಯ ಬೇಗ ಪಳಗುತ್ತವೆ, ಸ್ನಾಯುಗಳು ಸ್ವಲ್ಪ ನಿಧಾನ, ಮೂಳೆ ಮತ್ತು ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು ತುಂಬಾ ನಿಧಾನ. ದಮ್ಮು ಇದೆ ಎಂದು ಓಡುವ ಮನಸ್ಸಿಗೆ ಮೊಣಕಾಲ ಕೆಳಗಿನ ಮೂಳೆ 'ನಾನಿನ್ನೂ ಬಂದಿಲ್ಲ' ಎಂದು ಹೇಳುವುದು ಹತ್ತು ದಿನದ ಮೇಲೆ. ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿ ಚುಚ್ಚಿದರೂ ಅದೇ ಕಥೆ. ಮೂರು ವಾರ ವಿಶ್ರಾಂತಿ ಎಂದು ಡಾಕ್ಟರು ಹೇಳುತ್ತಾರೆ. ಆರಂಭಶೂರನಿಗೆ ಮೂರು ವಾರ ಅಂದರೆ ಇನ್ನೊಂದು ಹವ್ಯಾಸಕ್ಕೆ ಧಾರಾಳ ಸಮಯ.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಲೆಕ್ಕವನ್ನೂ ಬದಿಗಿಡಿ. ಅದು ಪ್ರಯೋಗಶಾಲೆಯಿಂದ ಬಂದ ಸಂಖ್ಯೆಯಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಮಾರಿದ ಹೆಜ್ಜೆ ಎಣಿಸುವ ಯಂತ್ರದ ಹೆಸರು 'ಮಾನ್‌ಪೊ ಕೆಯ್', ಅಂದರೆ 'ಹತ್ತು ಸಾವಿರ ಹೆಜ್ಜೆಯ ಮೀಟರ್'. ಕಿವಿಗೆ ಇಂಪಾಗಿತ್ತು, ಉಳಿದುಕೊಂಡಿತು. ಒಂದು ದಿನ 9,400ಕ್ಕೆ ನಿಂತಿತು ಎಂದು ಬೇಜಾರಾಗಿ ಮರುದಿನ ಪೂರ್ತಿ ಬಿಡುವವರು ನಾವು. ನಮಗೆ ಇಂಥ ಸಂಖ್ಯೆಗಳು ಒಳ್ಳೆಯದಕ್ಕಿಂತ ಕೆಟ್ಟದ್ದೇ ಜಾಸ್ತಿ ಮಾಡುತ್ತವೆ.

ಈಗ ನಗರದ ಲಾಭ ನೋಡಿ. ಟ್ರೆಡ್‌ಮಿಲ್ ಮೇಲೆ ನಾನು ಹನ್ನೊಂದು ನಿಮಿಷಕ್ಕಿಂತ ಜಾಸ್ತಿ ನಿಂತದ್ದಿಲ್ಲ. ರಸ್ತೆಯಲ್ಲಿ ಪ್ರತಿ ತಿರುವಿನಲ್ಲೂ ಹೊಸದೊಂದು ಸಿಗುತ್ತದೆ. ಆದ್ದರಿಂದ ಪ್ರತಿ ಮೆಟ್ಟಿಲನ್ನೂ ದೊಡ್ಡ ದಾರಿಯ ಬೇರೆ ಬೇರೆ ತುಂಡಿನಲ್ಲಿ ನಡೆಯಿರಿ. ಒಂದು ವಾರ ಲಾಲ್‌ಬಾಗ್‌ನಿಂದ ಕೆಂಪಾಂಬುಧಿಗೆ ಹೋಗಿ ವಾಪಸು, ಅದೇ ಸುಮಾರು ಏಳು ಕಿ.ಮೀ. ಇನ್ನೊಂದು ವಾರ ಮೆಟ್ರೊದಲ್ಲಿ ಸಂಪಿಗೆ ರಸ್ತೆಗೆ ಹೋಗಿ ಅಲ್ಲಿಂದ ಸ್ಯಾಂಕಿ ಕೆರೆ, ಮೇಖ್ರಿ. ಕರ್ನಲ್ ಸ್ಯಾಂಕಿ ಆ ಕೆರೆ ಕಟ್ಟಿಸಿದ್ದು 1882ರಲ್ಲಿ ಎಂದು ಓದಿಕೊಂಡು ಹೋದ ದಿನ ನನಗೆ ಅದರ ಸುತ್ತ ಎರಡು ಸುತ್ತು ಹೆಚ್ಚಿಗೆ ಬೇಕಾಯಿತು. ಹೀಗೆ ಮಾಡಿದರೆ ಪ್ರತಿ ವಾರವೂ ಒಂದು ಆರಂಭ. ಕೊನೆಯ ದಿನಕ್ಕೆ ದಾರಿಯೆಲ್ಲ ಪರಿಚಯ ಆಗಿರುತ್ತದೆ, ಎಲ್ಲಿ ಫುಟ್‌ಪಾತ್ ಕಲ್ಲು ಅಲ್ಲಾಡುತ್ತದೆ ಎನ್ನುವುದೂ ಸೇರಿ.

ಹಸಿರಿನ ಬಗ್ಗೆ ಒಂದು ಮಾತು. 2009ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಎಡಿಎಚ್‌ಡಿ ಇರುವ ಮಕ್ಕಳನ್ನು ಇಪ್ಪತ್ತು ನಿಮಿಷ ಪಾರ್ಕಿನಲ್ಲಿ, ಪೇಟೆಯಲ್ಲಿ, ಮನೆಗಳ ಬೀದಿಯಲ್ಲಿ ನಡೆಸಿ ನೋಡಿದರು. ಪಾರ್ಕಿನ ನಡಿಗೆಯ ನಂತರ ಗಮನ ಚೆನ್ನಾಗಿತ್ತು. ಆದರೆ ಅಲ್ಲಿದ್ದದ್ದು ಹದಿನೇಳೇ ಮಕ್ಕಳು, ಅದರ ಮೇಲೆ ಅರಮನೆ ಕಟ್ಟಬೇಡಿ. ನಮ್ಮ ದಾರಿಯಲ್ಲಿ ಹೇಗೂ ಲಾಲ್‌ಬಾಗ್, ಸ್ಯಾಂಕಿ, ಹಲಸೂರು ಕೆರೆ ಬರುತ್ತವೆ. ವಿಶ್ರಾಂತಿಯನ್ನು ಅಲ್ಲೇ ಇಟ್ಟುಕೊಂಡರೆ ನಷ್ಟವೇನಿಲ್ಲ. ಇನ್ನು ನಡಿಗೆಯಿಂದ ಎಡಿಎಚ್‌ಡಿ ವಾಸಿಯಾಗುತ್ತಾ ಎಂದರೆ, ಇಲ್ಲ. ವ್ಯಾಯಾಮದ ನಂತರ ಸ್ವಲ್ಪ ಹೊತ್ತು ತಲೆ ತಿಳಿಯಾಗಿರುತ್ತದೆ, ಅಷ್ಟೇ. ಬಾಕಿ ಇರುವ ಫೋನ್ ಕರೆಗಳನ್ನು ನಾನು ಆ ಹೊತ್ತಿನಲ್ಲೇ ಮುಗಿಸುತ್ತೇನೆ.

ಬಾಗಿಲು ದಾಟುವುದು

ಇಪ್ಪತ್ತು ಕಿಲೋಮೀಟರಿನಲ್ಲಿ ಕಷ್ಟದ್ದು ಮಂಚದಿಂದ ಗೇಟಿನವರೆಗಿನ ಹದಿನೈದು ಮೀಟರ್. ಇಲ್ಲಿ ಮನಸ್ಸಿನ ಬಲ ನೆಚ್ಚಿಕೊಂಡರೆ ಕೆಟ್ಟೆವು. ಮನಸ್ಸಿನ ಹೊರಗೆ ಏನಾದರೂ ಬೇಕು.

ನನ್ನ ಏರ್ಪಾಟು ಇಷ್ಟು. ರಾತ್ರಿಯೇ ಒಂದು ಚೀಲ ಬಾಗಿಲ ಹಿಡಿಗೆ ನೇತು ಬಿದ್ದಿರುತ್ತದೆ. ನೀರು, ಟೋಪಿ, ಕಡಲೆ ಚಿಕ್ಕಿ, ಓಆರ್‌ಎಸ್ ಪೊಟ್ಟಣ, ಬ್ಯಾಂಡೇಜ್, ಇನ್ನೊಂದು ಜೊತೆ ಸಾಕ್ಸ್ ಅದರಲ್ಲೇ ವಾಸ. ಅಲಾರಂ ಇಟ್ಟ ಫೋನ್ ಬಾಗಿಲ ಪಕ್ಕದ ಶೂ ಒಳಗೆ. ಹಾಸಿಗೆ ಪಕ್ಕ ಇಟ್ಟರೆ ನಿದ್ದೆಯಲ್ಲೇ ಆರಿಸಿಬಿಡುತ್ತೇನೆ. ಶೂವರೆಗೆ ಹೋದವನು ಶೂ ಹಾಕಿಕೊಳ್ಳುವುದೇ ಸುಲಭ. ಶೂ ಹಾಕಿಕೊಂಡು ಗೇಟು ಮುಟ್ಟಿದರೆ ಆ ದಿನದ ಲೆಕ್ಕ ಮುಗಿಯಿತು. ಅಲ್ಲಿಂದ ವಾಪಸು ಬರಬಹುದು. ಬಂದದ್ದು ಎರಡೇ ಸಲ, ಒಂದು ಸಲ ಜೋರು ಮಳೆ.

ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1999ರಲ್ಲಿ ವಿವರವಾಗಿ ಬರೆದ ಒಂದು ಉಪಾಯವೂ ಇಲ್ಲಿ ಕೆಲಸಕ್ಕೆ ಬರುತ್ತದೆ. 'ದಿನಾ ನೀರು ಕುಡಿಯುತ್ತೇನೆ' ಎಂದು ಸಂಕಲ್ಪ ಮಾಡುವ ಬದಲು 'ಇದಾದರೆ ಇದು' ಎಂದು ಗಂಟು ಹಾಕುವುದು. ಸಿಗ್ನಲ್ ಕೆಂಪಾದರೆ ಎರಡು ಗುಟುಕು ನೀರು. ಕೆರೆ ಕಂಡರೆ ಚಿಕ್ಕಿ. ಹಲ್ಲುಜ್ಜಿದ ಮೇಲೆ ಸಾಕ್ಸ್. ನಿರ್ಧಾರ ಮೊದಲೇ ಆಗಿರುತ್ತದೆ, ಆ ಹೊತ್ತಿನಲ್ಲಿ ಯೋಚಿಸುವ ಕೆಲಸ ಉಳಿಯುವುದಿಲ್ಲ. ಬೆಂಗಳೂರಿನಲ್ಲಿ ಕೆಂಪು ಸಿಗ್ನಲ್ಲಿಗೆ ಬರವಿಲ್ಲವಾದ್ದರಿಂದ ನೀರಿಗೂ ಬರವಿಲ್ಲ.

ಎಲ್ಲಕ್ಕಿಂತ ಹಳೆಯ ಉಪಾಯ ನಮ್ಮವರಿಗೆ ಗೊತ್ತಿರುವುದೇ. ಶಿವರಾತ್ರಿ ಹೊತ್ತಿಗೆ ಬೆಂಗಳೂರು ಕಡೆಯಿಂದ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆದು ಹೋಗುವವರನ್ನು ನೋಡಿದ್ದೀರಲ್ಲ? ಅವರಲ್ಲಿ ಎಷ್ಟೋ ಜನ ವರ್ಷವಿಡೀ ಬಸ್‌ಸ್ಟಾಪಿಗೂ ಆಟೊ ಹಿಡಿಯುವವರು. ಭಕ್ತಿ ಇದೆ, ಸರಿ. ಅದರ ಜೊತೆಗೆ ಇನ್ನೊಂದಿದೆ: ಗುಂಪು ಎದ್ದಾಗ ಏಳಬೇಕು, ಕೂತಾಗ ಕೂರಬೇಕು, ದಾರಿ ಬದಿಯವರು ಮಜ್ಜಿಗೆ ಕೊಟ್ಟಾಗ ಕುಡಿಯಬೇಕು. ಹೊರಡುವ ಹೊತ್ತನ್ನು ತಾನೇ ತೀರ್ಮಾನಿಸುವ ಭಾರ ಯಾರ ತಲೆಯ ಮೇಲೂ ಇಲ್ಲ. ಎಡಿಎಚ್‌ಡಿಗೆ ಇದು ಹೇಳಿ ಮಾಡಿಸಿದ ಏರ್ಪಾಟು. ಪಕ್ಕದ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ನನ್ನ ಜೊತೆ ಬರುತ್ತಾರೆ. ಮಾತು ಕಡಿಮೆ. ಆರಕ್ಕೆ ಗೇಟಿನ ಹತ್ತಿರ ನಿಂತಿರುತ್ತಾರೆ, ಅಷ್ಟು ಸಾಕು. ಅವರನ್ನು ಕಾಯಿಸುವುದಕ್ಕಿಂತ ಏಳುವುದೇ ಮೇಲು.

ಮಾತ್ರೆ, ಬಿಸಿಲು, ಕಾಫಿ

ಮಾತ್ರೆ ತೆಗೆದುಕೊಳ್ಳುವವರು ಈ ಭಾಗವನ್ನು ಹಾರಿಸಬೇಡಿ. ನಮ್ಮಲ್ಲಿ ಸಾಮಾನ್ಯವಾಗಿ ಬರೆದುಕೊಡುವವು ಮಿಥೈಲ್‌ಫೆನಿಡೇಟ್ ಮತ್ತು ಅಟೊಮಾಕ್ಸೆಟಿನ್. ಮೊದಲನೆಯದನ್ನು 1944ರಲ್ಲಿ ತಯಾರಿಸಿದ್ದು ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿಯ ಲಿಯಾಂಡ್ರೊ ಪನಿಜೋನ್. ಅವನ ಹೆಂಡತಿ ರೀಟಾ ಟೆನಿಸ್ ಆಡುವ ಮೊದಲು ಅದನ್ನು ತೆಗೆದುಕೊಳ್ಳುತ್ತಿದ್ದಳಂತೆ. ರಿಟಾಲಿನ್ ಎಂಬ ಹೆಸರು ಬಂದದ್ದು ಅವಳಿಂದ. ಆಟಕ್ಕೂ ಈ ಮಾತ್ರೆಗೂ ನಂಟು ಹೊಸದಲ್ಲ ಅನ್ನಿ.

ಇದು ಡೋಪಮೈನ್ ಮತ್ತು ನಾರ್‌ಅಡ್ರಿನಲಿನ್ ಬೇಗ ವಾಪಸು ಹೋಗದಂತೆ ತಡೆಯುತ್ತದೆ, ಮೇಸ್ತ್ರಿಗೆ ಸುದ್ದಿ ಸರಿಯಾಗಿ ಕೇಳಿಸುತ್ತದೆ. ಜೊತೆಗೆ ಹೃದಯದ ಬಡಿತ ಮತ್ತು ರಕ್ತದೊತ್ತಡ ಸ್ವಲ್ಪ ಏರಬಹುದು, ಹಸಿವು ಇಳಿಯುತ್ತದೆ, ಬಾಯಿ ಒಣಗುತ್ತದೆ. ನಡೆಯುವವನಿಗೆ ಇವೆಲ್ಲವೂ ಮುಖ್ಯ. ಮೊದಲೇ ನಮಗೆ ಹಸಿವು, ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ. ಮಾತ್ರೆ ಅದನ್ನು ಇನ್ನಷ್ಟು ಮುಚ್ಚುತ್ತದೆ. ಅದಕ್ಕೇ ಮಾತ್ರೆಗೆ ಮೊದಲು ತಿಂಡಿ, ದಾರಿಯಲ್ಲಿ ಹಸಿವಾಗದಿದ್ದರೂ ಗಂಟೆಗೊಮ್ಮೆ ಏನಾದರೂ ಬಾಯಿಗೆ.

ಬಿಸಿಲಲ್ಲಿ ಇನ್ನೂ ಹುಷಾರು. ಬಿಸಿ ಕೋಣೆಯಲ್ಲಿ ಸೈಕಲ್ ತುಳಿಸಿ ಮಾಡಿದ ಪ್ರಯೋಗವೊಂದರಲ್ಲಿ ಈ ಮಾತ್ರೆ ತೆಗೆದುಕೊಂಡವರು ಜಾಸ್ತಿ ಜೋರಾಗಿ ತುಳಿದರು, ಮೈ ಜಾಸ್ತಿ ಕಾಯಿತು, ಆದರೆ ಅವರಿಗೆ ಆಯಾಸ ಹೆಚ್ಚಾದಂತೆ ಅನಿಸಲೇ ಇಲ್ಲ. ದಣಿವಿನ ಗಂಟೆ ಬಾರಿಸುವವನೇ ಮಲಗಿದ ಹಾಗೆ. ಆದ್ದರಿಂದ ಉದ್ದ ನಡಿಗೆ ಡಿಸೆಂಬರ್, ಜನವರಿಯಲ್ಲಿ, ಅದೂ ನಸುಕಿನಲ್ಲಿ. ಏಪ್ರಿಲ್ ಮಧ್ಯಾಹ್ನ ಬೇಡವೇ ಬೇಡ. ಹಾಗಂತ ಬರೀ ನೀರನ್ನು ಲೀಟರುಗಟ್ಟಲೆ ಸುರಿದುಕೊಳ್ಳುವುದೂ ತಪ್ಪು, ರಕ್ತದಲ್ಲಿ ಉಪ್ಪಿನ ಅಂಶ ಇಳಿದು ತಲೆ ಸುತ್ತೀತು. ಬೆವರು ಜಾಸ್ತಿಯಾದರೆ ಓಆರ್‌ಎಸ್ಸೋ, ಉಪ್ಪು ಹಾಕಿದ ಮಜ್ಜಿಗೆಯೋ ಇರಲಿ. ಕಾಫಿ ಒಂದು ಲೋಟಕ್ಕೆ ನಿಲ್ಲಲಿ. ಮಾತ್ರೆಯ ಮೇಲೆ ಎರಡು ಸ್ಟ್ರಾಂಗ್ ಕಾಫಿ ಬಿದ್ದರೆ ಎದೆ ಡಬಡಬ ಅನ್ನುವುದು ನಡಿಗೆಗೆ ಮೊದಲೇ ಶುರುವಾಗುತ್ತದೆ.

ಯಾರೂ ಹೇಳದ ಒಂದು ಲೆಕ್ಕ ಇದೆ. ಬೇಗ ಕರಗುವ ಮಾತ್ರೆಯ ಪ್ರಭಾವ ಮೂರರಿಂದ ನಾಲ್ಕು ಗಂಟೆ. ಬೆಳಗ್ಗೆ ಆರಕ್ಕೆ ನುಂಗಿ ಹೊರಟರೆ ಹತ್ತರ ಹೊತ್ತಿಗೆ ಅದು ಇಳಿಯುತ್ತದೆ. ಆಗ ನೀವು ಎಲ್ಲಿರುತ್ತೀರಿ? ಮೇಖ್ರಿ ಸರ್ಕಲ್ ಆಸುಪಾಸು. ಕಾಲು ಸೋತಿದೆ, ಬಿಸಿಲು ಏರಿದೆ, ಬಳ್ಳಾರಿ ರಸ್ತೆಯ ವಾಹನ ಎದುರಿಗಿದೆ, ಗಮನ ಕೈಬಿಟ್ಟಿದೆ. ಇಡೀ ದಾರಿಯಲ್ಲಿ ಇದೇ ಕೆಟ್ಟ ಜಾಗ. ಇದನ್ನು ಡಾಕ್ಟರ ಮುಂದೆ ಹೀಗೇ ಬಿಡಿಸಿ ಹೇಳಿ: ಇಷ್ಟು ಹೊತ್ತಿಗೆ ಹೊರಡುತ್ತೇನೆ, ಇಷ್ಟು ಗಂಟೆ ನಡೆಯುತ್ತೇನೆ. ಹೊತ್ತು ಬದಲಿಸಬೇಕೋ, ನಿಧಾನಕ್ಕೆ ಕರಗುವ ಬಗೆ ಬೇಕೋ ಅವರು ನೋಡುತ್ತಾರೆ. ನೀವಾಗಿಯೇ ಇನ್ನೊಂದು ನುಂಗಬೇಡಿ, ನೀವಾಗಿಯೇ ಬಿಡಲೂಬೇಡಿ. 15 ಮತ್ತು 20ರ ಮೆಟ್ಟಿಲುಗಳನ್ನು ದೊಡ್ಡ ದಿನದ ಹಾಗೆಯೇ, ಅದೇ ಹೊತ್ತು, ಅದೇ ಮಾತ್ರೆ, ಅದೇ ತಿಂಡಿಯಲ್ಲಿ ನಡೆದು ನೋಡಿ. ಹೃದಯದ ತೊಂದರೆ ಮೊದಲೇ ಇದ್ದರೆ ಏಣಿಗೆ ಕಾಲಿಡುವ ಮುಂಚೆಯೇ ಕೇಳಿ. ಯಾರನ್ನು ಕೇಳಬೇಕೆಂದೇ ಗೊತ್ತಿಲ್ಲದವರಿಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೂ ಮಾತಾಡುತ್ತಾರೆ. ಲಾಲ್‌ಬಾಗ್‌ನಿಂದ ಹೊಸೂರು ರಸ್ತೆಯಲ್ಲಿ ಸ್ವಲ್ಪ ಮುಂದೆ ಹೋದರೆ ನಿಮ್ಹಾನ್ಸ್.

ರಸ್ತೆ ದಾಟುವಾಗ

2011ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಎಡಿಎಚ್‌ಡಿ ಇರುವ ಮಕ್ಕಳಿಗೆ ಕಂಪ್ಯೂಟರಿನ ಕೃತಕ ರಸ್ತೆ ದಾಟಲು ಕೊಟ್ಟು ನೋಡಿದರು. ಎಡಗಡೆ ಬಲಗಡೆ ನೋಡುವುದರಲ್ಲಿ ಅವರು ಬೇರೆ ಮಕ್ಕಳ ಹಾಗೇ ಇದ್ದರು. ತಪ್ಪಿದ್ದು ಲೆಕ್ಕ. ಸಾಲದಷ್ಟು ಸಣ್ಣ ಸಂದಿನಲ್ಲಿ ನುಗ್ಗಿದರು. ದೊಡ್ಡವರ ಮೇಲೆ ಇದನ್ನು ಹಾಗೇ ಹೊರಿಸಲಾಗದು, ಆದರೂ ನನಗೆ ಓದಿ ಮೈ ಜುಂ ಅಂದಿತು. ನಾನೂ ನೋಡಿಯೇ ನುಗ್ಗುವವನು. ಅಂದಿನಿಂದ ವಾಹನಗಳ ನಡುವೆ ಸಂದು ಹುಡುಕುವುದನ್ನು ಬಿಟ್ಟೆ. ಸಿಗ್ನಲ್ ಇದ್ದರೆ ಸಿಗ್ನಲ್, ಸ್ಕೈವಾಕ್ ಇದ್ದರೆ ಮೆಟ್ಟಿಲು, ಎರಡೂ ಇಲ್ಲದಿದ್ದರೆ ಪಕ್ಕದಲ್ಲಿ ದಾಟುವವರು ಹೆಜ್ಜೆ ಇಟ್ಟ ಮೇಲೆ ನನ್ನ ಹೆಜ್ಜೆ. ಇಯರ್‌ಫೋನ್ ಒಂದೇ ಕಿವಿಗೆ, ದಾಟುವಾಗ ಅದೂ ಜೇಬಿಗೆ.

ಕಾಲಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಶೂ ಅರ್ಧ ಅಳತೆ ದೊಡ್ಡದಿರಲಿ, ನಡೆದಂತೆ ಪಾದ ಊದುತ್ತದೆ. ಸಂಜೆ ಹೊತ್ತು ಹೋಗಿ ಕೊಳ್ಳಿ. ಬೊಬ್ಬೆ ಏಳುವುದು ತಿಕ್ಕಾಟ ಮತ್ತು ಒದ್ದೆಯಿಂದ, ಅದಕ್ಕೇ ಹತ್ತಿ ಸಾಕ್ಸ್ ಬೇಡ, ಬೆರಳ ಸಂದಿಗೆ ವ್ಯಾಸಲೀನ್ ಇರಲಿ. ಎಲ್ಲಿಯೋ ಉರಿ ಎನಿಸಿದ ಕೂಡಲೇ ಕೂತು ಬ್ಯಾಂಡೇಜ್ ಹಚ್ಚಿ. 'ಮುಂದಿನ ಸರ್ಕಲ್‌ನಲ್ಲಿ ನೋಡೋಣ' ಎಂದರೆ ಮರೆತೇ ಹೋಗುತ್ತದೆ, ನಮ್ಮ ವಿಷಯದಲ್ಲಿ ಇದು ಗಾದೆಯಲ್ಲ, ದಿನಚರಿ.

ದೊಡ್ಡ ದಿನಕ್ಕೆ ಮೊದಲೇ ಗುರುತು ಹಾಕಿಕೊಳ್ಳಬೇಕಾದದ್ದು ಬಿಟ್ಟು ಹೋಗುವ ಬಾಗಿಲುಗಳನ್ನು. ಮೆಜೆಸ್ಟಿಕ್, ಸಂಪಿಗೆ ರಸ್ತೆ, ಹಲಸೂರು, ಎಂ.ಜಿ. ರಸ್ತೆ, ಎಲ್ಲೆಡೆ ಮೆಟ್ರೊ ಇದೆ. ಎಲ್ಲಿ ಬೇಕಾದರೂ ನಿಲ್ಲಿಸಬಹುದು ಎಂದು ಗೊತ್ತಿದ್ದರೆ ಹೊರಡುವುದು ಸುಲಭವಾಗುತ್ತದೆ. ನನ್ನ ದೊಡ್ಡ ದಿನ ಜನವರಿಯ ಒಂದು ಭಾನುವಾರ. ವಿದ್ಯಾರ್ಥಿ ಭವನ ಹೋಟೆಲಿನ ಸರತಿಯಲ್ಲಿ ಅರ್ಧ ಗಂಟೆ ಕಳೆದೆ, ಅದು ಯೋಜನೆಯಲ್ಲಿರಲಿಲ್ಲ. ಮಲ್ಲೇಶ್ವರದಲ್ಲಿ ಹೂವಿನವರ ಹತ್ತಿರ ಮಾತಿಗೆ ನಿಂತದ್ದು ಇನ್ನೊಂದು ಇಪ್ಪತ್ತು ನಿಮಿಷ. ಹಲಸೂರು ಕೆರೆ ಮುಟ್ಟುವಾಗ ಹನ್ನೆರಡೂವರೆ, ಬಲಗಾಲಿನ ಕಿರುಬೆರಳು ಉರಿಯುತ್ತಿತ್ತು, ಮೇಷ್ಟ್ರು ನನ್ನ ಮುಖ ನೋಡಿ "ಸಾಕಲ್ವೇನಪ್ಪಾ?" ಎಂದರು. ಮೆಟ್ರೊ ಹತ್ತಿ ಮನೆಗೆ ಬಂದೆವು.

ಕಾಲು ವಾಸಿಯಾದ ಮೇಲೆ, ಎರಡು ವಾರ ಬಿಟ್ಟು, ಅದೇ ಹಲಸೂರು ನಿಲ್ದಾಣದಲ್ಲಿ ಬೆಳಗ್ಗೆ ಆರೂವರೆಗೆ ಇಳಿದು ಉಳಿದ ತುಂಡನ್ನು ಶುರು ಮಾಡಿದೆವು. ಲಾಲ್‌ಬಾಗ್ ಬಂಡೆ ಹತ್ತಿದಾಗ ಎಂಟೂ ಕಾಲು. ಮೇಷ್ಟ್ರು ಚೀಲದಿಂದ ಚಿಕ್ಕಿ ತೆಗೆದು ಮುರಿದರು.